ರೊಡ್ಡ ಡಾಕ್ಟರ ಕೈಗುಣ

ಕೈಗುಣ ಅನ್ನುವ ಮಾತು ನಾನು ಓದಿದ ಯಾವ ವೈದ್ಯಶಾಸ್ತ್ರದ ಪುಸ್ತಕದಲ್ಲೂ ಇರಲಿಲ್ಲ. ಆದರೆ ದಾವಣಗೆರೆಯಲ್ಲಿ ಡಾಕ್ಟರಿಕೆ ಮಾಡಬೇಕಾದರೆ ಪದವಿಗಿಂತ ಮೊದಲು ಅದು ಬೇಕು. ನನಗೆ ಅದು ಹೇಗೆ ಅಂಟಿಕೊಂಡಿತೋ ತಿಳಿಯದು. ಐವತ್ತರ ದಶಕದ ಮೊದಲಲ್ಲಿ ಮದರಾಸಿನಲ್ಲಿ ಸರ್ಜರಿ ಓದಿ ಮುಗಿಸಿ, ಹುಟ್ಟಿದ ಊರಿಗೇ ಬಂದು ದೊಡ್ಡಾಸ್ಪತ್ರೆಗೆ ಸೇರಿದೆ. ಬಂದ ಹೊಸತರಲ್ಲಿ ಕೆಲವು ಕೇಸುಗಳು ಸಲೀಸಾಗಿ ಗುಣವಾದವು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಷನ್ನಿಗೆ ಕೈ ಕೊಟ್ಟವನೊಬ್ಬನ ಬೆರಳುಗಳು ಉಳಿದವು. ಮಂಡಿಯ ಸಾಹುಕಾರರೊಬ್ಬರ ಅಪೆಂಡಿಕ್ಸ್ ಒಡೆಯುವ ಮೊದಲೇ ಕೈಗೆ ಸಿಕ್ಕಿತು. ಅಷ್ಟೇ. ಅಲ್ಲಿಂದ ಮುಂದೆ ನನ್ನ ಬಲಗೈ ನನ್ನದಾಗಿ ಉಳಿಯಲಿಲ್ಲ, ಊರಿನದಾಯಿತು.

ನನ್ನ ಕೈಯಲ್ಲಿ ಸತ್ತವರೂ ಇದ್ದರು. ಊರಿನವರು ಬಹಳ ಉದಾರಿಗಳು. ಸತ್ತವರನ್ನು ದೇವರ ಖಾತೆಗೆ ಬರೆದು ಬದುಕಿದವರನ್ನು ಮಾತ್ರ ನನ್ನ ಖಾತೆಗೆ ಬರೆದರು. ಹೀಗಾಗಿ ನನ್ನ ಹೆಸರು ಏರುತ್ತಲೇ ಹೋಯಿತು, ನಾನು ಇಳಿಯುತ್ತಲೇ ಹೋದೆ. ಹತ್ತಿ ಅಂಡಿಗೆ ಹೊರುವ ಹಮಾಲರಿಗೆ ಕರುಳು ಇಳಿಯುವ ಕಾಯಿಲೆ, ಅಂದರೆ ಹರ್ನಿಯಾ, ನಮ್ಮೂರಿನಲ್ಲಿ ನೆಗಡಿಯಷ್ಟು ಸಾಮಾನ್ಯ. ಅವರೆಲ್ಲರಿಗೂ ನನ್ನ ಕೈಯೇ ಬೇಕು. ಬೇರೆ ಡಾಕ್ಟರು ನೋಡುತ್ತಾರೆ, ಅವರೂ ಓದಿದವರೇ ಎಂದರೆ, "ಇರ್ಲಿ ಬಿಡ್ರಿ, ನೀವು ಪುರುಸೊತ್ತಾದಾಗ ಮಾಡ್ರಿ, ನಾವು ಇಲ್ಲೇ ಬಿದ್ದಿರ್ತೀವಿ" ಎಂದು ವರಾಂಡದಲ್ಲಿ ಕಂಬಳಿ ಹಾಸಿಬಿಡುತ್ತಿದ್ದರು. ಪುರುಸೊತ್ತು ನನ್ನ ಮದುವೆಯ ಹೊತ್ತಿಗೇ ಮುಗಿದುಹೋಗಿತ್ತು.

ಇಷ್ಟು ಸಾಲದೆಂದು ಅರವತ್ತರ ದಶಕದ ನಡುವೆ ಊರಿಗೆ ಮೆಡಿಕಲ್ ಕಾಲೇಜು ಬಂತು. ಅದನ್ನು ತರಲು ಓಡಾಡಿದವರು ದೊಡ್ಡ ಮನಸ್ಸಿನ ಜನ, ನಾನು ಅವರ ಬಗ್ಗೆ ಒಂದು ಮಾತೂ ಆಡಲಾರೆ. ಅವರು ಮಾಡಿದ ಒಂದೇ ತಪ್ಪೆಂದರೆ ನನ್ನನ್ನು ಪ್ರಿನ್ಸಿಪಾಲನನ್ನಾಗಿ ಮಾಡಿದ್ದು. "ಹೊರಗಿನೋರು ಬಂದ್ರೆ ನಿಲ್ಲಲ್ಲ, ನೀನಾದ್ರೆ ಎಲ್ಲಿ ಓಡಿ ಹೋಗ್ತೀಯ?" ಎಂದು ಕಾಲೇಜಿನ ಕಮಿಟಿಯಲ್ಲಿದ್ದ ನನ್ನ ಸೋದರಮಾವ ಕೇಳಿದರು. ಅವರು ಹತ್ತಿ ವ್ಯಾಪಾರಿ, ಎತ್ತು ಯಾವುದು ಎಷ್ಟು ಎಳೆಯುತ್ತದೆ ಎಂದು ನೋಡಿದ ಕೂಡಲೇ ಹೇಳಬಲ್ಲವರು.

ಪ್ರಿನ್ಸಿಪಾಲನ ಕೆಲಸ ಏನೆಂದು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಹುಡುಗರಿಗೆ ಪಾಠ, ಪರೀಕ್ಷೆ, ವಿದ್ಯೆ, ಶಿಸ್ತು, ಹೀಗೆ ಏನೋ ಇರಬಹುದೆಂದುಕೊಂಡಿದ್ದೆ. ಇದ್ದದ್ದು ನೀರಿನ ಟ್ಯಾಂಕು. ಟ್ಯಾಂಕಿನಲ್ಲಿ ನೀರು ನಿಲ್ಲುತ್ತಿರಲಿಲ್ಲ, ಸೂಕ್ಷ್ಮದರ್ಶಕದ ಪೆಟ್ಟಿಗೆಗಳು ರೈಲ್ವೆ ಗೋಡೌನಿನಿಂದ ಬರುತ್ತಿರಲಿಲ್ಲ, ಹಾಸ್ಟೆಲಿನ ಸಾರಿಗೆ ಉಪ್ಪು ಹೆಚ್ಚಾದರೂ ಹುಡುಗರು ನನ್ನ ಬಾಗಿಲಿಗೇ ಬರುತ್ತಿದ್ದರು. ಬೆಳಿಗ್ಗೆ ಥಿಯೇಟರು, ಮಧ್ಯಾಹ್ನ ಕ್ಲಾಸು, ಸಂಜೆ ಕಮಿಟಿ. ಕಮಿಟಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಬರುವವರೆಗೆ ಯಾರೂ ಮುಖ್ಯ ಮಾತಿಗೆ ಬರುತ್ತಿರಲಿಲ್ಲ, ಬಂದ ಮೇಲೆ ಬಾಯಿ ಖಾಲಿ ಇರುತ್ತಿರಲಿಲ್ಲ. ನಾನು ಕೈತೊಳೆಯುವ ತೊಟ್ಟಿಯ ಹತ್ತಿರ ನಿಂತಾಗ ಮಾತ್ರ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ತೊಳೆಯುತ್ತಿದ್ದೆ.

ಮೊದಲ ತಂಡದ ಹುಡುಗರು ವಾರ್ಡಿಗೆ ಬರುವ ವರ್ಷ ಬಂದಾಗ ಸರ್ಜರಿಗೆ ಎರಡನೇ ಯೂನಿಟ್ಟು ಬೇಕಾಯಿತು. ಯೂನಿಟ್ಟು ಅಂದರೆ ಒಬ್ಬ ಹಿರಿಯ ಸರ್ಜನ್, ಅವನ ಕೈಕೆಳಗೆ ಒಂದಿಬ್ಬರು, ಅವನದೇ ಹಾಸಿಗೆಗಳು, ಅವನದೇ ಆಪರೇಷನ್ ದಿನ. ಮೊದಲನೆಯದು ನನ್ನದು. ಎರಡನೆಯದಕ್ಕೆ ಯಾರಾದರೂ ಬಂದರೆ ಅರ್ಧ ಭಾರ ಇಳಿಯುತ್ತದೆ ಎಂದು ನಾನು ಮಳೆ ಕಾದಂತೆ ಕಾದಿದ್ದೆ. ಮಂಗಳೂರು ಕಡೆಯಿಂದ ಒಬ್ಬ ಬಂದ. ಮೂವತ್ತು ದಾಟಿದ ವಯಸ್ಸು, ಕಡಿಮೆ ಮಾತು, ಆಡಿದರೆ ಪುಸ್ತಕದ ಕನ್ನಡ. ಒಂದು ಅಪೆಂಡಿಕ್ಸ್ ಆಪರೇಷನ್ ಕೊಟ್ಟು ಪಕ್ಕದಲ್ಲಿ ನಿಂತೆ. ಅವನು ಮೇಜಿನ ಆಚೆ ಬದಿಗೆ ಹೋಗಿ ನಿಂತ. ಸಿಸ್ಟರು ಅಭ್ಯಾಸದಂತೆ ಅವನ ಬಲ ಅಂಗೈಗೆ ಚಾಕು ಇಟ್ಟರು. ಅವನು ಸದ್ದಿಲ್ಲದೆ ಅದನ್ನು ಎಡಗೈಗೆ ಬದಲಿಸಿಕೊಂಡ.

ಅವನು ಎಡಚ. ಎಡಗೈಯವರನ್ನು ನಮ್ಮ ಕಡೆ ರೊಡ್ಡ ಅನ್ನುತ್ತಾರೆ.

ಕೆಲಸ ಮಾತ್ರ ನೋಡುವಂತಿತ್ತು. ನನ್ನ ಗಂಟಿಗಿಂತ ಅವನ ಗಂಟು ಚೊಕ್ಕ, ನನಗಿಂತ ಕಡಿಮೆ ರಕ್ತ, ನನಗಿಂತ ಕಡಿಮೆ ಸಿಡುಕು. ಅವನಿಗಿದ್ದ ತೊಂದರೆ ಒಂದೇ, ಕತ್ತರಿ. ಕತ್ತರಿ ಬಲಗೈಯವರಿಗೆಂದೇ ಮಾಡಿದ್ದು. ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದಕ್ಕೊಂದು ಒತ್ತುವ ಬದಲು ದೂರ ಸರಿಯುತ್ತವೆ, ದಾರವನ್ನು ಕತ್ತರಿಸುವ ಬದಲು ಜಗಿಯುತ್ತವೆ. ಅದಕ್ಕೂ ಅವನು ಹೆಬ್ಬೆರಳನ್ನು ಹೇಗೋ ತಿರುಚಿ ಒಂದು ಉಪಾಯ ಕಂಡುಕೊಂಡಿದ್ದ. ನನಗೆ ಖುಷಿಯಾಯಿತು. ಇನ್ನು ಮೇಲೆ ನಾನು ವಾರಕ್ಕೊಂದು ಮಧ್ಯಾಹ್ನವಾದರೂ ಮನೆಯಲ್ಲಿ ಊಟ ಮಾಡಬಹುದು ಎಂದುಕೊಂಡೆ.

ಹೊರರೋಗಿಗಳ ಕೋಣೆಯಲ್ಲಿ ಅವನು ಮೊದಲ ದಿನವೇ ಚೀಟಿ ಬರೆದು ಎಡಗೈಯಿಂದ ಕೊಟ್ಟ. ಬೆಳವನೂರಿನ ಕಡೆಯ ಹೆಂಗಸೊಬ್ಬಳು ಅದನ್ನು ತೆಗೆದುಕೊಳ್ಳದೆ ಸೆರಗು ಮುಚ್ಚಿಕೊಂಡು ನಿಂತಳು. ಚೀಟಿ ಮೇಜಿನ ಮೇಲೆ ಇಟ್ಟ ಮೇಲೆ ಎತ್ತಿಕೊಂಡಳು. ಅವನು ಅಂದಿನಿಂದಲೇ ಬಲಗೈಯಲ್ಲಿ ಕೊಡುವುದನ್ನು ಕಲಿತ, ಬರೆಯುವುದಂತೂ ಎಡಗೈಯಲ್ಲೇ. ಆದರೆ ಊರಿನವರಿಗೆ ಅಷ್ಟು ಸಾಕಾಯಿತು. "ಎಡಗೈಲಿ ತುತ್ತು ಕೊಟ್ರೆ ಯಾರಾರ ತಿಂತಾರೇನ್ರಿ? ಇನ್ನ ಹೊಟ್ಟೆ ಕೊಯ್ಸಿಕೊಳ್ಳಾಕೆ ಆಗುತ್ತಾ?" ಎಂದು ಒಬ್ಬ ಹಮಾಲ ನನ್ನನ್ನೇ ಕೇಳಿದ. ಅವನಿಗೆ ಹರ್ನಿಯಾ ತೊಡೆಯವರೆಗೆ ಇಳಿದಿತ್ತು, ಆದರೂ ಶಾಸ್ತ್ರ ಬಿಡಲಿಲ್ಲ.

ಕೆಲವೇ ವಾರಗಳಲ್ಲಿ ಆಸ್ಪತ್ರೆಯ ಚಿತ್ರ ಹೀಗಾಯಿತು. ನನ್ನ ವಾರ್ಡಿನಲ್ಲಿ ಮಂಚಗಳು ತುಂಬಿ, ಮಂಚಗಳ ನಡುವಿನ ನೆಲದ ಮೇಲೂ ಚಾಪೆ ಹಾಸಿಕೊಂಡು ಜನ ಮಲಗಿದ್ದರು. ಅವನ ವಾರ್ಡಿನಲ್ಲಿ ಕೆಂಪು ಕಂಬಳಿಗಳು ಮಡಿಕೆ ಮುರಿಯದೆ ಕೂತಿದ್ದವು. ನನ್ನ ಪೇಷಂಟುಗಳನ್ನು ನಾನೇ ಅತ್ತ ಸಾಗಿಸಿದರೆ, ಬೆಳಗಾಗುವಷ್ಟರಲ್ಲಿ ದಿಂಬು, ತಂಬಿಗೆ, ಅಜ್ಜಿ ಸಮೇತ ಇತ್ತ ವಾಪಸು. ನಾನು ಥಿಯೇಟರಿನಲ್ಲಿ ಮುಖಗವಸು ಹಾಕಿಕೊಂಡು ಗೂಟದಂತೆ ನಿಂತು ಅವನ ಕೈಯಲ್ಲಿ ಮಾಡಿಸಿಯೂ ನೋಡಿದೆ. ಮನೆಯವರು ವಾರ್ಡಿನ ಆಳುಗಳನ್ನು ಹಿಡಿದು, "ಚಾಕು ಯಾರ ಕೈಯಾಗಿತ್ತು, ಖರೇ ಹೇಳು" ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಗುಟ್ಟು ನಿಲ್ಲುವುದಕ್ಕಿಂತ ನಮ್ಮ ಟ್ಯಾಂಕಿನಲ್ಲಿ ನೀರು ನಿಲ್ಲುವುದು ಸುಲಭ.

ಇದರಲ್ಲಿ ತಮಾಷೆಯಷ್ಟೇ ಇದ್ದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಾಲೇಜಿಗೆ ಮಾನ್ಯತೆ ಕೊಡುವ ದೊಡ್ಡವರು ವರ್ಷ ಮುಗಿಯುವುದರೊಳಗೆ ನೋಡಲು ಬರುವವರಿದ್ದರು. ಖಾಲಿ ಹಾಸಿಗೆ ಇಟ್ಟುಕೊಂಡದ್ದು ಅವರ ಕಣ್ಣಿಗೆ ಯೂನಿಟ್ಟೇ ಅಲ್ಲ. ಅದು ಹೋದರೆ ಅವನ ಹುದ್ದೆ ಹೋಗುತ್ತದೆ, ಹುಡುಗರ ಸರ್ಜರಿ ಕಲಿಕೆ ಅರೆಬರೆಯಾಗುತ್ತದೆ, ಎಲ್ಲ ಮತ್ತೆ ನನ್ನ ತಲೆಯ ಮೇಲೆ.

ಸೋದರಮಾವನಿಂದಲೇ ಶುರುಮಾಡೋಣ ಎಂದುಕೊಂಡೆ. ಅವರಿಗೆ ಮೂಲವ್ಯಾಧಿ. ವರ್ಷಗಳಿಂದ ಗಾದಿಯ ಮೇಲೆ ಒಂದು ಬದಿಗೆ ವಾಲಿಕೊಂಡೇ ವ್ಯಾಪಾರ ಮಾಡುತ್ತಿದ್ದರು. ಆಪರೇಷನ್ ಮಾಡಿಸಿಕೊಳ್ಳಲು ಕೊನೆಗೆ ಒಪ್ಪಿದ್ದರು, ಆದರೆ ನನ್ನ ಕೈಯಲ್ಲೇ. ಅವರು ಹಿಂದೆ ಸರಿಯಲಾಗದಂಥ ವಾದವೊಂದನ್ನು ನಾನು ಕಟ್ಟಿಕೊಂಡು ಹೋದೆ.

"ಮಾವ, ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಲಿಂಗ ಇಟ್ಟುಕೊಳ್ಳೋದು ಯಾವ ಕೈಮ್ಯಾಲೆ?" ಎಂದೆ.

ಅವರು ತಮ್ಮ ಎರಡೂ ಅಂಗೈ ನೋಡಿಕೊಂಡರು. "ಎಡಗೈ ಮ್ಯಾಲೆ. ಯಾಕ?"

"ಶಿವನಿಗೇ ಆಗಿಬರೋ ಎಡಗೈ ನಿಮ್ಮ ಮೂಲವ್ಯಾಧಿಗೆ ಆಗಿಬರಲ್ವಾ?"

ಅವರು ವಾಲಿದ್ದ ಬದಿಯಿಂದ ಇನ್ನೊಂದು ಬದಿಗೆ ಹೊರಳಿದರು. ಗೆದ್ದೆ ಎಂದುಕೊಂಡೆ. "ನೋಡು, ಎಡಗೈ ಲಿಂಗ ಹಿಡ್ಕೊಂಡು ಸುಮ್ನೆ ಕುಂತಿರುತ್ತೆ. ಪತ್ರೆ ಏರಿಸೋದು, ವಿಭೂತಿ ಹಚ್ಚೋದು, ಕೆಲಸ ಎಲ್ಲ ಬಲಗೈದೇ. ನನಗೆ ಬೇಕಾಗಿರೋದು ಕೆಲಸ ಮಾಡೋ ಕೈ," ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಇನ್ನೊಂದು ಕೇಳು. ಶಿವ ಕೂರೋ ಕೈಯಿಂದ ಅಂಥಾ ಜಾಗ ಮುಟ್ಟಿಸಿಕೊಳ್ಳೋದು ಪಾಪ ಅಲ್ವೇನಪ್ಪಾ?" ಎಂದರು.

ಎರಡು ಕಡೆಯಿಂದಲೂ ಬಾಗಿಲು ಹಾಕಿದ ಮೇಲೆ ನಾನು ಮಜ್ಜಿಗೆ ಕುಡಿದು ಎದ್ದು ಬಂದೆ.

ಹರಿಹರದಲ್ಲಿ ಮಿಷನ್ ಕಾರ್ಖಾನೆಯ ಕೆಲಸಗಾರನೊಬ್ಬ ರಜಾದಿನ ತನ್ನ ಶೆಡ್ಡಿನಲ್ಲಿ ಸಣ್ಣಪುಟ್ಟ ಲೋಹದ ಕೆಲಸ ಮಾಡಿಕೊಡುತ್ತಿದ್ದ. ನಮ್ಮ ಎಡಚ ಅವನಿಗೆ ಅಲಗುಗಳನ್ನು ಅದಲುಬದಲು ಮಾಡಿದ ಕತ್ತರಿಯೊಂದನ್ನು ಮಾಡಲು ಹೇಳಿದ್ದ. ಅದನ್ನು ತರಲು ಒಂದು ಭಾನುವಾರ ಇಬ್ಬರೂ ನನ್ನ ಹಳೇ ಕಾರಿನಲ್ಲಿ ಹೋದೆವು. ಕತ್ತರಿ ಚೆನ್ನಾಗಿಯೇ ಇತ್ತು. ಅವನು ಒಂದು ಹಳೇ ಬಟ್ಟೆಯನ್ನು ಎಡಗೈಯಲ್ಲಿ ಸರ್ರನೆ ಕತ್ತರಿಸಿ ಮಗುವಿನಂತೆ ನಕ್ಕ. ನಾನು ಅದೇ ಕತ್ತರಿಯನ್ನು ಬಲಗೈಯಲ್ಲಿ ಹಿಡಿದರೆ ಬಟ್ಟೆ ಮಡಚಿಕೊಂಡು ಅಲಗುಗಳ ನಡುವೆ ಸಿಕ್ಕಿಹಾಕಿಕೊಂಡಿತು. "ನಾನು ಹುಟ್ಟಿದಾಗಿನಿಂದ ಎಲ್ಲವೂ ಹೀಗೇ ಸರ್," ಎಂದ.

ಬಂದವರು ದೇವಸ್ಥಾನಕ್ಕೂ ಹೋದೆವು. ಬಲಭಾಗ ಹರ, ಎಡಭಾಗ ಹರಿ, ಒಂದೇ ಮೂರ್ತಿ. ಅವನು ಮೂರ್ತಿಯನ್ನೇ ದಿಟ್ಟಿಸುತ್ತಿದ್ದವನು ನನ್ನ ಕಿವಿಯ ಹತ್ತಿರ ಬಂದು, "ಸರ್, ಚಕ್ರ ಇರುವುದು ಎಡಗೈಯಲ್ಲಿ. ಕತ್ತರಿಸುವ ಆಯುಧ ಅದೇ ಅಲ್ಲವಾ?" ಎಂದ. ಅವನು ನನ್ನೆದುರು ಆಡಿದ ಮೊದಲ ತಮಾಷೆ ಅದು. ಈ ಮಾತನ್ನು ಮಾವನಿಗೆ ಹೇಳಿದರೆ ಅದಕ್ಕೂ ಅವರ ಹತ್ತಿರ ಎರಡು ಉತ್ತರ ಇರುತ್ತವೆ ಎಂದು ನಾನು ಅಂದೆ.

ಆಮೇಲೆ ಹೊಳೆ ದಂಡೆಯಲ್ಲಿ ಕೂತೆವು. ಬೇಸಿಗೆ ಶುರುವಾಗಿ ತುಂಗಭದ್ರೆ ಬಂಡೆಗಳ ಸಂದಿಯಲ್ಲಿ ಸಣ್ಣಗೆ ಹರಿಯುತ್ತಿದ್ದಳು. ಹೆಂಗಸರು ಬಟ್ಟೆ ಒಗೆದು ಬಂಡೆಗಳ ಮೇಲೆ ಹರವಿದ್ದರು. ಅವನು ಕತ್ತರಿಯನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೇಳಿದ, "ನಮ್ಮ ಊರಿನ ಕಡೆಯ ಕಾಲೇಜಿನವರು ಕರೆದಿದ್ದಾರೆ ಸರ್. ನೋಡುವವರು ಬಂದು ಹೋಗುವವರೆಗೆ ಇರುತ್ತೇನೆ, ನಿಮಗೆ ತೊಂದರೆ ಆಗಬಾರದು. ಆಮೇಲೆ ಹೋಗುತ್ತೇನೆ."

"ಅಲ್ಲಿನ ಜನ ಎಡಗೈ ನೋಡಲ್ವಾ?" ಎಂದೆ.

"ಅಲ್ಲಿಯೂ ಉಂಟು. ಆದರೆ ಅಲ್ಲಿ ನನ್ನ ಅಪ್ಪನ ಹೆಸರು ಉಂಟು, ಅದರ ನೆರಳಿನಲ್ಲಿ ನಾಲ್ಕು ಕೇಸಾದರೂ ಸಿಗುತ್ತವೆ. ಇಲ್ಲಿ ನಾನು ಕೆಲಸ ಮರೆಯುತ್ತಿದ್ದೇನೆ ಸರ್. ಮೊನ್ನೆ ಗಂಟು ಹಾಕುವಾಗ ಒಂದು ಕ್ಷಣ ಕೈ ನಿಂತಿತು."

ಸರ್ಜನ್ ಆದವನಿಗೆ ಇದಕ್ಕಿಂತ ದೊಡ್ಡ ಭಯ ಇಲ್ಲ. ನನಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಅನ್ನಿಸಿತು. ಅವನು ಹೋದರೆ ಇನ್ನೊಬ್ಬ ಬರುವವರೆಗೆ ಈ ಎರಡು ವಾರ್ಡು, ಆ ಹುಡುಗರು, ಟ್ಯಾಂಕು, ಕಮಿಟಿ ಎಲ್ಲ ಹೊತ್ತುಕೊಂಡು ನಾನು ಉಳಿಯುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಇರು ಎಂದು ಕೇಳಿಕೊಳ್ಳಲು ಬಾಯಿ ಬರಲಿಲ್ಲ. ಇಟ್ಟುಕೊಂಡು ಏನು ಕೊಡುತ್ತೇನೆ, ಮಡಿಸಿಟ್ಟ ಕಂಬಳಿಗಳನ್ನೇ?

ಆ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಕೆಮ್ಮು ಬಂತು, ಬಲ ತೊಡೆಸಂದಿಯಲ್ಲಿ ಏನೋ ಉಬ್ಬಿ ಕೈಗೆ ಸಿಕ್ಕಿತು. ಎಷ್ಟು ಜನರಲ್ಲಿ ನೋಡಿದ್ದೆನೋ, ಈಗ ನನ್ನದೇ. ಹಮಾಲರು ಅಂಡಿಗೆ ಹೊತ್ತು ತಂದುಕೊಂಡದ್ದನ್ನು ನಾನು ನಿಂತು ನಿಂತು, ಸಿಗರೇಟಿಗೆ ಕೆಮ್ಮಿ ಕೆಮ್ಮಿ ತಂದುಕೊಂಡಿದ್ದೆ. ಮನೆಯಲ್ಲಿ ಹೇಳಿದೆ. ಸಂಜೆಯಷ್ಟರಲ್ಲಿ ಬಂಧುಬಳಗವೆಲ್ಲ ಮೋಸಂಬಿ ಹಿಡಿದು ಬಂದು ಕೂತಿತ್ತು. ಎಲ್ಲರದ್ದೂ ಒಂದೇ ಮಾತು, ಬೊಂಬಾಯಿ. "ಬೊಂಬಾಯಿಗೆ ಹೋಗು, ಅಲ್ಲಿ ನನ್ನ ಹತ್ತಿ ವ್ಯಾಪಾರದ ಪಾರ್ಟಿಗಳು ಅದಾರೆ, ಸ್ಟೇಷನ್ನಿಗೆ ಬರ್ತಾರೆ," ಎಂದರು ಮಾವ.

"ಬ್ಯಾಡ. ಇಲ್ಲೇ ಮಾಡಿಸ್ಕೊಳ್ತೀನಿ," ಎಂದೆ.

"ಇಲ್ಲಿ ಯಾರ ಹತ್ರ? ನಿನ್ನ ಕೈ ನಿನಗೆ ಎಟುಕಲ್ಲ."

"ರೊಡ್ಡ ಡಾಕ್ಟ್ರ ಹತ್ರ."

ಮೋಸಂಬಿ ಸುಲಿಯುತ್ತಿದ್ದವರ ಕೈ ನಿಂತಿತು. ನನ್ನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಆಮೇಲೆ ಊರಿನಲ್ಲಿ ಇದನ್ನು ತ್ಯಾಗ ಎಂದೂ ಧೈರ್ಯ ಎಂದೂ ಹೇಳಿದರು. ಅವನನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಮನಸ್ಸಿನಲ್ಲಿ ಇತ್ತು, ನಿಜ. ಆದರೆ ಬೊಂಬಾಯಿಯ ರೈಲು ಹತ್ತುವ ತ್ರಾಣ ನನಗಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಅವನನ್ನು ಒಪ್ಪಿಸುವುದು ಬಂಧುಗಳನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. "ಸರ್, ಏನಾದರೂ ಹೆಚ್ಚುಕಡಿಮೆ ಆದರೆ ನಾನು ಈ ಊರಿನಿಂದ ನಡೆದುಕೊಂಡು ಹೋಗಲಿಕ್ಕೂ ಆಗುವುದಿಲ್ಲ."

"ಹೆಂಗೂ ಹೋಗೋನು ನೀನು. ಓಡಿಕೊಂಡು ಹೋಗು," ಎಂದೆ. ಅವನು ನಗದೆಯೇ ಒಪ್ಪಿಕೊಂಡ.

ನನ್ನ ಯೋಜನೆ ದೊಡ್ಡದಾಗಿತ್ತು. ಬೆನ್ನಿಗೆ ಚುಚ್ಚುಮದ್ದು ಕೊಟ್ಟರೆ ಸೊಂಟದ ಕೆಳಗೆ ಮರಗಟ್ಟುತ್ತದೆ, ತಲೆ ಎಚ್ಚರ ಇರುತ್ತದೆ. ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ಅವನು ಕೊಯ್ಯುತ್ತಿದ್ದಂತೆ ಮಲಗಿದ್ದಲ್ಲಿಂದಲೇ ನಾನು ಪಾಠ ಹೇಳಬೇಕು. ನಡುನಡುವೆ ಅವನ ಕೆಲಸವನ್ನು ಗಟ್ಟಿಯಾಗಿ ಹೊಗಳಬೇಕು. ಹುಡುಗರು ಹೊರಗೆ ಹೋಗಿ ಹೇಳುತ್ತಾರೆ, ಊರು ಕೇಳುತ್ತದೆ. ಅದಕ್ಕಾಗಿ ಮಂಪರು ಬರಿಸುವ ಔಷಧಿ ಏನೂ ಕೊಡಬೇಡಿ ಎಂದು ಅರಿವಳಿಕೆಯ ಡಾಕ್ಟರಿಗೆ ಖಡಾಖಂಡಿತ ಹೇಳಿದ್ದೆ. ಪಾಠದ ಮುಖ್ಯ ಅಂಶಗಳನ್ನು ಹಿಂದಿನ ದಿನವೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ಥಿಯೇಟರಿನ ಹೊರಗೆ ಮಾವ, ಕಮಿಟಿಯ ನಾಲ್ಕು ಜನ, ಕೆಲವು ಹಮಾಲರು, ಯಾರು ಯಾರೋ. ಒಳಗೆ ನನ್ನ ಎದೆಯ ಮೇಲೆ ಅಡ್ಡಲಾಗಿ ಹಸಿರು ಬಟ್ಟೆಯ ಪರದೆ ಕಟ್ಟಿದರು, ಆಚೆ ನಡೆಯುವುದು ನನಗೆ ಕಾಣುವಂತಿರಲಿಲ್ಲ. ಥಿಯೇಟರಿನ ಮೇಲ್ಛಾವಣಿಯನ್ನು ನಾನು ಆವರೆಗೆ ನೋಡಿಯೇ ಇರಲಿಲ್ಲ. ಸುಣ್ಣ ಒಂದು ಕಡೆ ಚಕ್ಕೆ ಎದ್ದಿತ್ತು, ಪ್ರಿನ್ಸಿಪಾಲನಿಗೆ ಹೇಳಿ ಮಾಡಿಸಬೇಕು ಎಂದುಕೊಂಡೆ, ಆಮೇಲೆ ಅದು ನಾನೇ ಎಂದು ನೆನಪಾಯಿತು. ಚಾಕು ಇಟ್ಟದ್ದು ನೋವಿಲ್ಲದೆ ಬರೀ ಒತ್ತಿದಂತೆ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ನೋಡ್ರಪ್ಪಾ, ಹರ್ನಿಯಾದಲ್ಲಿ ಸರ್ಜನ್ ಮೊದಲು ನೆನಪಿಡಬೇಕಾದ್ದು ಏನಂದ್ರೆ..."

ಅದು ಏನೆಂದು ಹುಡುಗರಿಗೆ ಅವನೇ ಹೇಳಬೇಕಾಯಿತಂತೆ. ನನಗೆ ನಿದ್ದೆ ಬಂದುಬಿಟ್ಟಿತು.

ಎಂಥ ನಿದ್ದೆ ಅಂದರೆ, ಗೊರಕೆಗೆ ಹೊಟ್ಟೆ ಅಲ್ಲಾಡುತ್ತಿತ್ತಂತೆ. ಅವನು ಕೆಲಸ ನಿಲ್ಲಿಸಿ, ಗೊರಕೆಯ ಲಯ ನೋಡಿಕೊಂಡು ಹೊಲಿಗೆ ಹಾಕಿದನಂತೆ. ಗಾಡಿಯಲ್ಲಿ ಹೊರಗೆ ತಳ್ಳಿಕೊಂಡು ಬಂದಾಗಲೂ ಎಚ್ಚರವಿಲ್ಲ. ಸತ್ತೇ ಹೋದೆನೆಂದು ಮಾವ ಹೌಹಾರಿ ಬಗ್ಗಿ ನೋಡಿದರೆ ಗೊರಕೆ. ಅರಿವಳಿಕೆಯ ಡಾಕ್ಟರನ್ನು ಹಿಡಿದುಕೊಂಡು, "ನಿದ್ದೆ ಮದ್ದು ಕೊಟ್ಟೀರಾ?" ಎಂದು ಕೇಳಿದರಂತೆ. "ಇಲ್ರೀ, ಅವರೇ ಬ್ಯಾಡ ಅಂದಿದ್ರು," ಎಂದು ಅವರು ಹೇಳಿದರಂತೆ. ನನಗೆ ಎಚ್ಚರವಾದಾಗ ಮಿಲ್ಲಿನ ಸೈರನ್ನು ಕೂಗುತ್ತಿತ್ತು, ಸಂಜೆಯ ಪಾಳಿ ಬಿಟ್ಟಿತ್ತು. ಪಾಠ ಎಲ್ಲಿಗೆ ಬಂತು ಎಂದು ಕೇಳಿದೆ. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ನಾನು ಎಚ್ಚರವಿದ್ದು ಎಷ್ಟೇ ಹೊಗಳಿದ್ದರೂ ಆಗದ್ದು ಆ ಗೊರಕೆಯಿಂದ ಆಯಿತು. ಊರಿಗೆ ಊರೇ ಅದೇ ಮಾತು. "ಹೊಟ್ಟೆ ಕೊಯ್ತಿದ್ರೂ ದೊಡ್ಡ ಡಾಕ್ಟ್ರು ಗೊರಕೆ ಹೊಡೆದ್ರಂತೆ. ಅವರಿಗೆ ಕೈ ಅಂದ್ರೆ ಏನು ಅಂತ ಗೊತ್ತಿಲ್ವಾ? ಇನ್ನ ಆ ರೊಡ್ಡಗೈ ಎಂಥಾದ್ದಿರಬೇಕು." ನನ್ನ ಗಾಯ ಒಣಗುವ ಮೊದಲೇ ಮಾವ ಬಂದರು. ಗಾದಿಯ ಮೇಲೆ ಕೂರುವ ಹಾಗೆಯೇ ನನ್ನ ಮಂಚದ ಅಂಚಿನಲ್ಲೂ ವಾಲಿ ಕೂತು, "ನನಗೂ ಅಲ್ಲೇ ಒಂದು ಹಾಸಿಗೆ ಕೊಡಿಸು" ಎಂದರು. ಪಾಪದ ಮಾತೇನಾಯಿತು ಎಂದು ಕೇಳಿದೆ. "ನಿದ್ದೆ ಬರೋ ಹಂಗೆ ಕೊಯ್ತಾನೆ ಅಂದ್ರೆ ಪಾಪ ಗೀಪ ಎಲ್ಲ ಆಮೇಲೆ ನೋಡಿಕೊಳ್ಳಾಣ," ಎಂದರು. ಅವರ ಹಿಂದೆ ಹಮಾಲರು ಬಂದರು. ಹರ್ನಿಯಾ ತೊಡೆಯವರೆಗೆ ಇಳಿದರೂ ಶಾಸ್ತ್ರ ಬಿಡದಿದ್ದವನೂ ಬಂದ. ಕೆಂಪು ಕಂಬಳಿಗಳ ಮಡಿಕೆ ಮುರಿಯಿತು. ಮಾನ್ಯತೆಯವರು ಬಂದಾಗ ಅವನ ವಾರ್ಡಿನಲ್ಲೂ ನೆಲದ ಮೇಲೆ ಚಾಪೆಗಳಿದ್ದವು. ಅವರು ನೋಡಿ, ತಲೆಯಾಡಿಸಿ, ಮೆಣಸಿನಕಾಯಿ ತಿಂದು ಹೋದರು. ಯೂನಿಟ್ಟು ಉಳಿಯಿತು.

ಅವನು ಮಾತ್ರ ಹೋಗುತ್ತಾನೋ ಇರುತ್ತಾನೋ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಹೋಗುತ್ತೇನೆ ಎಂದುಬಿಟ್ಟರೆ ಎಂಬ ಹೆದರಿಕೆ. ಮಾನ್ಯತೆಯವರು ಬಂದು ಹೋದ ವಾರ ಒಂದು ಸಂಜೆ ಅವನು ಮನೆಗೆ ಬಂದ. ನಾನು ಜಗಲಿಯ ಮೇಲೆ ಕೂತಿದ್ದೆ, ನನ್ನ ಹೆಂಡತಿ ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದಳು.

"ನಮ್ಮ ಊರಿನ ಕಡೆಯ ಕಾಲೇಜಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ ಸರ್," ಎಂದ.

ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಅಷ್ಟಕ್ಕೇ ಸುಮ್ಮನಿದ್ದರೆ ಆಗಿತ್ತು. ಅವನು ಮುಂದುವರಿಸಿದ. "ಪೇಷಂಟುಗಳು ಬಂದರು ಅಂತ ಅಲ್ಲ. ಅವರು ನಾಳೆ ಬಾರದೆಯೂ ಇರಬಹುದು. ನೀವು ನನ್ನ ಕೈಯ ಕೆಳಗೆ ನಿದ್ದೆ ಮಾಡಿದಿರಿ ಸರ್. ಅಷ್ಟು ನಂಬಿಕೆ ನನ್ನ ಮೇಲೆ ನನ್ನ ಅಪ್ಪನೂ ಇಟ್ಟದ್ದಿಲ್ಲ. ಚಿಕ್ಕಂದಿನಲ್ಲಿ ಈ ಕೈಯನ್ನು ಬೆನ್ನಿಗೆ ಕಟ್ಟಿ ಬರೆಸುತ್ತಿದ್ದರು."

ಇಂಥ ಮಾತನ್ನು ಸುಳ್ಳಿನ ಮೇಲೆ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. "ನೋಡಪ್ಪಾ," ಎಂದೆ, "ನೀನು ಒಳ್ಳೇ ಸರ್ಜನ್, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ನಂಬಿಕೆ ಅಲ್ಲ, ದಣಿವು. ನನಗೆ ಎಷ್ಟು ಸುಸ್ತಾಗಿತ್ತು ಅಂದ್ರೆ, ನಿನ್ನ ಬದಲು ಕಟುಕ ನಿಂತಿದ್ರೂ ನಿದ್ದೆ ಬರ್ತಿತ್ತು. ಅದನ್ನ ನೆಚ್ಚಿಕೊಂಡು ನೀನು ಇಲ್ಲಿ ಉಳೀಬ್ಯಾಡ."

ಅವನ ಮುಖ ಕಂದಿತು. ಎದ್ದು ಹೋಗುತ್ತಾನೆ ಎಂದುಕೊಂಡೆ. ನಾನೇ ಕೈಯಾರೆ ಕಳಕೊಂಡೆ ಅನ್ನಿಸಿತು, ಆದರೂ ಆಡಿದ್ದನ್ನು ವಾಪಸು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಅವರೆಕಾಯಿಯ ಸದ್ದು ನಿಂತಿತು. "ಅವರ ಮಾತು ಕೇಳಬ್ಯಾಡ್ರಿ ಡಾಕ್ಟ್ರೇ," ಎಂದಳು ನನ್ನ ಹೆಂಡತಿ. ಅವಳು ನನ್ನ ಸಹೋದ್ಯೋಗಿಗಳ ಎದುರು ಮಾತಾಡುವುದೇ ಅಪರೂಪ. "ದಣಿದ್ರೆ ನಿದ್ದೆ ಬರೋಹಂಗಿದ್ರೆ ಇವರು ದಿನಾ ಮಲಗಬೇಕಿತ್ತು. ಆ ಕಾಲೇಜು ಶುರುವಾದಾಗಿನಿಂದ ಒಂದು ರಾತ್ರಿನೂ ಇವರು ಸರಿಯಾಗಿ ಮಲಗಿಲ್ಲ. ಹೊರಳಾಡ್ತಾರೆ, ಏಳ್ತಾರೆ, ನೀರು ಕುಡೀತಾರೆ, ಮತ್ತ ಬಂದು ಸೂರು ನೋಡ್ಕೊಂಡು ಬಿದ್ದಿರ್ತಾರೆ. ಮನೆಯಾಗ ಬರದ ನಿದ್ದೆ ನಿಮ್ಮ ಕೈಕೆಳಗ ಬಂತು. ಅದೇನು ಅಂತ ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು."

ಅವನು ತಲೆ ತಗ್ಗಿಸಿ ಕೂತ. ಆಮೇಲೆ, ನಾಳೆ ಬೆಳಿಗ್ಗೆ ನಾಲ್ಕು ಕೇಸು ಇವೆ, ಬೇಗ ಹೋಗಬೇಕು ಎಂದು ಎದ್ದ. ನನ್ನ ಆಪರೇಷನ್ ದಿನವನ್ನೂ ನೀನೇ ಇಟ್ಟುಕೋ ಎಂದು ನಾನು ಮೆಟ್ಟಿಲವರೆಗೆ ಹೋಗಿ ಹೇಳಿದೆ. ಆಗಲಿ ಎಂದ.

ತಿರುಗಿ ಬಂದಾಗ ಅವಳು ಮತ್ತೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಏಳುವುದು, ನೀರು ಕುಡಿಯುವುದು, ಸೂರು ನೋಡುವುದು ಇವೆಲ್ಲ ಇಷ್ಟು ವರ್ಷ ಯಾರಿಗೂ ತಿಳಿಯದಂತೆ ನಡೆಯುತ್ತಿದೆ ಎಂದೇ ನಾನು ಅಂದುಕೊಂಡಿದ್ದೆ. ಅಷ್ಟೂ ರಾತ್ರಿ ಪಕ್ಕದಲ್ಲಿ ಅವಳೂ ಎಚ್ಚರವಾಗಿದ್ದಳು ಅನ್ನುವುದು ನನಗೆ ಅವತ್ತೇ ತಿಳಿದದ್ದು.